ಮುಂಗಡದ ಹಂಗು

ಬಿ.ಕಾಂ. ಓದಿದ ಯಾರ ಮುಂದಾದರೂ ‘ಮೊಹೊರಿ ಬೀಬಿ’ ಅಂದು ನೋಡಿ. ಅವರು ಬ್ಯಾಂಕ್ ಮ್ಯಾನೇಜರಾಗಿರಲಿ, ಲೆಕ್ಕಪರಿಶೋಧಕರ ಕಚೇರಿಯಲ್ಲಿ ರಿಟರ್ನ್ಸ್ ತುಂಬುತ್ತಿರಲಿ, ‘ಧರ್ಮೋದಾಸ್ ಘೋಷ್, 1903’ ಎಂದು ಉಳಿದರ್ಧವನ್ನು ತಾವೇ ಮುಗಿಸುತ್ತಾರೆ. ಆ ಬೀಬಿ ಯಾರು, ಆಕೆ ಕಳೆದುಕೊಂಡದ್ದೇನು ಎಂದು ಮುಂದೆ ಕೇಳಿದರೆ ತಡವರಿಸುತ್ತಾರೆ. ಪರೀಕ್ಷೆಗೆ ಬೇಕಾಗಿದ್ದದ್ದು ಹೆಸರು ಮತ್ತು ಇಸವಿ. ಕೇಸಿನ ಹೆಸರಿಗೆ ಕೆಂಪು ಇಂಕಿನಲ್ಲಿ ಗೆರೆ ಎಳೆದರೆ ಒಂದು ಮಾರ್ಕು ಹೆಚ್ಚು ಎಂಬ ನಂಬಿಕೆ ನಮ್ಮ ಹುಡುಗರಲ್ಲಿತ್ತು. ಉತ್ತರಪತ್ರಿಕೆ ತಿದ್ದಿದವನಾಗಿ ಹೇಳುತ್ತೇನೆ, ಆ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ.

ಮಡಿಕೇರಿಯಲ್ಲಿ ನಿವೃತ್ತಿಯವರೆಗೂ ನಾನು ಪಾಠ ಮಾಡಿದ್ದು ಇದನ್ನೇ. ಮರ್ಕೆಂಟೈಲ್ ಲಾ ಎಂದಿದ್ದ ಪೇಪರು ನಡುವೆ ಬಿಸಿನೆಸ್ ಲಾ ಆಯಿತು, ಆಮೇಲೆ ಇನ್ನೇನೋ ಆಯಿತು. ಒಳಗಿನ ಸರಕು ಮಾತ್ರ ಅದೇ, 1872ರ ಭಾರತೀಯ ಕರಾರು ಕಾಯ್ದೆ. ಲೆಕ್ಕ ಬರೆಯುವವರಿಗೆ ಕಾನೂನು ಯಾಕೆ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುವರು. ಲೆಡ್ಜರಿನ ಪ್ರತಿ ಸಾಲಿನ ಹಿಂದೆಯೂ ಒಂದು ಕರಾರಿರುತ್ತದೆ, ಅದು ಗಟ್ಟಿಯಿಲ್ಲದಿದ್ದರೆ ನಿಮ್ಮ ‘ಬರಬೇಕಾದ ಬಾಕಿ’ ಬರೀ ಶಾಯಿ ಎಂದು ನಾನು ಹೇಳುತ್ತಿದ್ದೆ. 1913ರಲ್ಲಿ ಮುಂಬಯಿಯ ಸಿಡನ್‌ಹ್ಯಾಂ ಕಾಮರ್ಸ್ ಕಾಲೇಜು ಶುರುವಾದ ಕಾಲಕ್ಕೆ ಪೊಲಾಕ್ ಮತ್ತು ಮುಲ್ಲಾ ಅವರ ದಪ್ಪ ಭಾಷ್ಯ ಆಗಲೇ ಬಂದು ಎಂಟು ವರ್ಷವಾಗಿತ್ತು. 1949ರಲ್ಲಿ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಹುಟ್ಟಿತು. ಇಂದಿಗೂ ಸಿಎ ಸೇರುವವರು ಮೊದಲ ಮೆಟ್ಟಿಲಲ್ಲೇ ಈ ಕಾಯ್ದೆಯನ್ನು ಓದುತ್ತಾರೆ. ನಮ್ಮ ಹುಡುಗರ ಕೈಯಲ್ಲಿ ಇರುತ್ತಿದ್ದದ್ದು ಎನ್.ಡಿ. ಕಪೂರ್, ಇಲ್ಲವೇ ಎಂ.ಸಿ. ಕುಚ್ಛಲ್. ಸೀನಿಯರುಗಳಿಂದ ಅರ್ಧ ಬೆಲೆಗೆ ಕೊಂಡ, ಅಡಿಗೆರೆಗಳು ಮೊದಲೇ ಬಿದ್ದಿದ್ದ ಪ್ರತಿಗಳು.

ಮೊಹೊರಿ ಬೀಬಿಯ ಕಥೆ ಇಷ್ಟು. ಧರ್ಮೋದಾಸ್ ಘೋಷ್ ಕಲ್ಕತ್ತೆಯ ಆಸ್ತಿವಂತರ ಹುಡುಗ. 1895ರ ಜುಲೈ 20ರಂದು ಬ್ರಹ್ಮೋ ದತ್ತ ಎಂಬ ಲೇವಾದೇವಿಗಾರನಿಗೆ ಆಸ್ತಿ ಅಡವಿಟ್ಟು 20,000 ರೂಪಾಯಿ ಸಾಲಕ್ಕೆ ಪತ್ರ ಬರೆದುಕೊಟ್ಟ. ಬಡ್ಡಿ ನೂರಕ್ಕೆ 12. ಸಾಹುಕಾರ ಊರಲ್ಲಿರಲಿಲ್ಲ, ವ್ಯವಹಾರ ನೋಡಿಕೊಂಡವನು ಅವನ ಅಟಾರ್ನಿ ಕೇದಾರನಾಥ. ಹುಡುಗನಿಗಿನ್ನೂ ವಯಸ್ಸು ತುಂಬಿಲ್ಲ, ಸಾಲ ಕೊಟ್ಟರೆ ಅದು ನಿಮ್ಮ ತಲೆಯ ಮೇಲೆ ಎಂದು ತಾಯಿಯ ಕಡೆಯ ವಕೀಲರು ಈ ಅಟಾರ್ನಿಗೆ ಮೊದಲೇ ಕಾಗದ ಹಾಕಿದ್ದರು. ಆದರೂ ಪತ್ರವಾಯಿತು. ತಾನು ವಯಸ್ಕನೆಂದು ಹುಡುಗನಿಂದ ಒಂದು ಹೇಳಿಕೆಯನ್ನೂ ಬರೆಸಿಕೊಂಡರು. ಸೆಪ್ಟೆಂಬರಿನಲ್ಲಿ ಅದೇ ಹುಡುಗ ತಾಯಿಯನ್ನು ಮುಂದಿಟ್ಟುಕೊಂಡು ಕೋರ್ಟಿಗೆ ಹೋಗಿ ಅಡಮಾನ ರದ್ದಾಗಬೇಕೆಂದ. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಟ್ಟುವ ಹೊತ್ತಿಗೆ ಬ್ರಹ್ಮೋ ದತ್ತ ತೀರಿಕೊಂಡಿದ್ದ, ಅವನ ಜಾಗದಲ್ಲಿ ಮೊಹೊರಿ ಬೀಬಿಯ ಹೆಸರು ಬಂತು. ಅಪ್ರಾಪ್ತ ವಯಸ್ಕನ ಕರಾರು ಆಮೇಲೆ ರದ್ದುಮಾಡಬಹುದಾದ ಕರಾರಲ್ಲ, ಅದು ಹುಟ್ಟಿಯೇ ಇಲ್ಲ ಎಂದು ಸರ್ ಫೋರ್ಡ್ ನಾರ್ತ್ ತೀರ್ಪು ಕೊಟ್ಟರು. ಕೊಟ್ಟ ಹಣವೂ ವಾಪಸು ಬರಲಿಲ್ಲ.

“ಹಂಗಾದ್ರೆ ಹದಿನೇಳಕ್ಕೇ ಸಾಲ ಮಾಡ್ಬಿಡ್ಬೇಕು ಸಾರ್” ಎಂದು ಹಿಂದಿನ ಬೆಂಚಿನಿಂದ ಮಾತು ಬಂದೇ ಬರುತ್ತಿತ್ತು. ನಿನಗೆ ಕೊಡುವವರು ಯಾರಪ್ಪಾ ಎಂದರೆ ಇಡೀ ತರಗತಿ ನಗುತ್ತಿತ್ತು.

ಆದರೆ ನನಗೆ ಹತ್ತಿರದವನು ಲಾಲ್‌ಮನ್ ಶುಕ್ಲಾ. ಕಾಮರ್ಸ್ ವಿದ್ಯಾರ್ಥಿಗಳಿಗೂ ಅವನೇ ಹತ್ತಿರದವನಾಗಬೇಕು, ಏಕೆಂದರೆ ಅವನೊಬ್ಬ ಮುನೀಮ. ನಮ್ಮೂರ ಮಾತಿನಲ್ಲಿ ಹೇಳುವುದಾದರೆ ರೈಟರು, ಲೆಕ್ಕ ಬರೆಯುವವನು. ಯಜಮಾನ ಗೌರಿದತ್ತನ ಅಣ್ಣನ ಮಗನೋ ತಮ್ಮನ ಮಗನೋ ಮನೆಬಿಟ್ಟು ಹೋದ. ಹುಡುಕಲು ಆಳುಗಳನ್ನು ಅಟ್ಟಿದರು; ಮುನೀಮನನ್ನು ದಾರಿಖರ್ಚು ಕೊಟ್ಟು ಹರಿದ್ವಾರಕ್ಕೆ ಕಳಿಸಿದರು. ಅವನು ಆ ಕಡೆ ಹೋದ ಮೇಲೆ ಈ ಕಡೆ ಯಜಮಾನ, ಹುಡುಗನನ್ನು ಪತ್ತೆಮಾಡಿದವರಿಗೆ 501 ರೂಪಾಯಿ ಬಹುಮಾನ ಎಂದು ಕರಪತ್ರ ಹಂಚಿದ. ಮುನೀಮ ಹೃಷಿಕೇಶದಲ್ಲಿ ಹುಡುಗನನ್ನು ಹಿಡಿದು ಕರೆತಂದ. ಸಿಕ್ಕಿದ್ದು ಒಂದಿಷ್ಟು ಇನಾಮು. ಸುಮ್ಮನೆ ಕೆಲಸ ಮುಂದುವರಿಸಿದ. ಆಮೇಲೆ ಅವನನ್ನು ಕೆಲಸದಿಂದ ತೆಗೆದಾಗ, ಆ ಬಹುಮಾನದ ಬಾಬ್ತು 499 ರೂಪಾಯಿ ಬರಬೇಕೆಂದು ದಾವೆ ಹೂಡಿದ. 1913ರಲ್ಲಿ ಅಲಹಾಬಾದ್ ಹೈಕೋರ್ಟು ಇಲ್ಲವೆಂದಿತು. ಹುಡುಕುವುದು ನಿನ್ನ ಚಾಕರಿಯ ಭಾಗವಾಗಿಯೇ ಇತ್ತು, ಬಹುಮಾನದ ಸುದ್ದಿ ತಿಳಿದು ನೀನು ಹೊರಟವನಲ್ಲ ಎಂಬುದು ತೀರ್ಪಿನ ಸಾರ.

ಕಾನೂನಿನ ತರ್ಕ ನೆಟ್ಟಗಿದೆ. ಪ್ರಸ್ತಾವ ಗೊತ್ತಿಲ್ಲದವನು ಅದನ್ನು ಒಪ್ಪುವುದು ಹೇಗೆ? ಆದರೆ ಎರಡು ಕೇಸನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸುಳ್ಳು ವಯಸ್ಸು ಹೇಳಿ ಸಾಹುಕಾರನ ಹಣ ತಂದ ಶ್ರೀಮಂತರ ಹುಡುಗ ಗೆದ್ದ, ನಿಜವಾಗಿ ಹುಡುಗನನ್ನು ಹುಡುಕಿ ತಂದ ಲೆಕ್ಕದ ಗುಮಾಸ್ತ ಸೋತ. ತೀರ್ಪುಗಳು ತಪ್ಪೆಂದು ನಾನು ಹೇಳುತ್ತಿಲ್ಲ. ಪಠ್ಯಪುಸ್ತಕದ ಕಥೆಗಳೊಳಗೆ ಯಾರು ಬರುತ್ತಾರೆ, ಯಾರು ಬರುವುದೇ ಇಲ್ಲ ಎಂಬುದರ ಕಡೆಗೆ ನನ್ನ ಗಮನ ಹೊರಳಿದ್ದು ಇಲ್ಲಿಂದ.

ಇಂಗ್ಲಿಷ್ ಕೇಸುಗಳಲ್ಲಿ ಹುಡುಗರ ಕಣ್ಮಣಿ ‘ಹೊಗೆ ಚೆಂಡು’. 1891ರ ನವೆಂಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿಯ ಜಾಹೀರಾತು: ನಮ್ಮ ಚೆಂಡಿನ ಹೊಗೆಯನ್ನು ದಿನಕ್ಕೆ ಮೂರು ಸಲದಂತೆ ಎರಡು ವಾರ ಎಳೆದೂ ಫ್ಲೂ ಬಂದರೆ 100 ಪೌಂಡ್ ಕೊಡುತ್ತೇವೆ, ನಂಬಿಕೆಗೆ 1,000 ಪೌಂಡ್ ಬ್ಯಾಂಕಿನಲ್ಲಿಟ್ಟಿದ್ದೇವೆ. ಲೂಯಿಸಾ ಕಾರ್ಲಿಲ್ ಎಂಬಾಕೆ ಹೇಳಿದಂತೆಯೇ ಎಳೆದು, ಜನವರಿಯಲ್ಲಿ ಫ್ಲೂ ಹಿಡಿಸಿಕೊಂಡು, ಹಣ ಕೇಳಿ ಗೆದ್ದಳು. ಕೆಳಕೋರ್ಟಿನಲ್ಲಿ ಕಂಪನಿಯ ಪರ ನಿಂತಿದ್ದ ಆಸ್ಕ್ವಿತ್ ಮುಂದೆ ಬ್ರಿಟನ್ನಿನ ಪ್ರಧಾನಿಯಾದ. ಸೋತ ಕಂಪನಿ ನಾಚಿಕೊಳ್ಳದೆ 200 ಪೌಂಡಿನ ಹೊಸ ಜಾಹೀರಾತು ಕೊಟ್ಟಿತು. ಇದನ್ನು ಹೇಳಿದ ದಿನ ತರಗತಿಯಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ.

ಇನ್ನು ಕಾಯ್ದೆಯ ಹುಟ್ಟು. ಗೈಡುಗಳಲ್ಲಿ ಇದಕ್ಕೆ ಒಂದೇ ಸಾಲು: 1872ರ ಸೆಪ್ಟೆಂಬರ್ 1ರಿಂದ ಜಾರಿ. ಅದಕ್ಕೆ ಮುಂಚೆ ಹಿಂದೂಗಳ ಕರಾರಿಗೆ ಹಿಂದೂ ಶಾಸ್ತ್ರ, ಮುಸಲ್ಮಾನರ ಕರಾರಿಗೆ ಅವರ ಧರ್ಮದ ಕಾನೂನು ಎಂಬ ಏರ್ಪಾಟು ಪ್ರೆಸಿಡೆನ್ಸಿ ನಗರಗಳಲ್ಲಿ ಹದಿನೆಂಟನೇ ಶತಮಾನದಿಂದ ಇತ್ತು. ಎಳೆಯರು, ಅಮಲೇರಿದವರು, ಬುದ್ಧಿ ಕೆಟ್ಟವರು, ಹೆದರಿದವರು ಮಾಡಿಕೊಂಡ ವ್ಯವಹಾರ ನಿಲ್ಲದು ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳಿತ್ತು. ಅದಕ್ಕೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ಇದನ್ನು ಹೇಳಿದ ಕೂಡಲೇ ‘ಎಲ್ಲಾ ನಮ್ಮಲ್ಲೇ ಇತ್ತು’ ಎಂದು ಎದೆಯುಬ್ಬಿಸುವವರಿದ್ದಾರೆ. ಇದ್ದದ್ದು ನಿಜ, ಆದರೆ ವರ್ಣ ನೋಡಿ ಬಡ್ಡಿ ಹೇಳುವ ಪದ್ಧತಿಯೂ ಅಲ್ಲೇ ಇತ್ತು. ಬಡ್ಡಿ ಅಸಲನ್ನು ಮೀರಿ ಬೆಳೆಯಕೂಡದು ಎಂಬ ದಾಮ್‌ದುಪ್ಪಟ್ ನಿಯಮವನ್ನು ಕಳೆದುಕೊಂಡವರು ಮಾತ್ರ ನಿಜಕ್ಕೂ ಕಳೆದುಕೊಂಡರು. ಅದು ಮುಂಬಯಿ ಪ್ರೆಸಿಡೆನ್ಸಿಯಲ್ಲಿ ಉಳಿದುಕೊಂಡಿತು, ಹಾಗಾಗಿ ಧಾರವಾಡ, ಬೆಳಗಾವಿಯ ಹಿಂದೂ ಸಾಲಗಾರನಿಗೆ ಇದ್ದ ಆ ರಕ್ಷಣೆ ಮದರಾಸು ಪ್ರೆಸಿಡೆನ್ಸಿಯವನಿಗೆ ಇರಲಿಲ್ಲ.

ಕರಾರು ಕಾಯ್ದೆಯ ಕರಡು ತಯಾರಾದದ್ದು ಲಂಡನ್ನಿನಲ್ಲಿ, 1866ರಲ್ಲಿ. ಲಾರ್ಡ್ ರೋಮಿಲಿ ಮುಂತಾದವರಿದ್ದ ಕಾನೂನು ಆಯೋಗದ ಕೆಲಸ ಅದು. ಕರಡು ಇಲ್ಲಿಗೆ ಬಂದ ಮೇಲೆ ಜಗಳ ಶುರುವಾಯಿತು. ಆ ಜಗಳ ನೀಲಿಯದು. ಬಂಗಾಳದಲ್ಲಿ ನೀಲಿ ತೋಟದ ಸಾಹೇಬರು ರೈತನ ಕೈಗೆ ಮುಂಗಡ ತುರುಕಿ ನೀಲಿ ಬಿತ್ತುವ ಕರಾರು ಬರೆಸಿಕೊಳ್ಳುತ್ತಿದ್ದರು. ಆ ಮುಂಗಡ ಅಪ್ಪನಿಂದ ಮಗನಿಗೆ ಇಳಿದರೂ ತೀರುತ್ತಿರಲಿಲ್ಲ. 1859-60ರಲ್ಲಿ ರೈತರು ಬಿತ್ತುವುದಿಲ್ಲವೆಂದು ತಿರುಗಿಬಿದ್ದರು. ದೀನಬಂಧು ಮಿತ್ರರ ‘ನೀಲದರ್ಪಣ’ ನಾಟಕ ಬಂದದ್ದು ಆಗಲೇ. ಅದರ ಇಂಗ್ಲಿಷ್ ಅನುವಾದವನ್ನು ಅಚ್ಚು ಹಾಕಿಸಿದ್ದಕ್ಕೆ ಪಾದ್ರಿ ಜೇಮ್ಸ್ ಲಾಂಗ್ ಒಂದು ತಿಂಗಳು ಜೈಲು ಕಂಡರು. ಸರ್ಕಾರ 1860ರಲ್ಲಿ, ನೀಲಿ ಕರಾರು ಮುರಿದ ರೈತನನ್ನು ಶಿಕ್ಷಿಸುವ ತಾತ್ಕಾಲಿಕ ಕಾನೂನನ್ನೂ ತಂದಿತ್ತು. ಕರಾರು ಮುರಿದವನಿಂದ ಹಣದ ಪರಿಹಾರ ಪಡೆಯುವುದಷ್ಟೇ ಅಲ್ಲ, ಅಂಥ ರೈತನಿಂದ ಬಿತ್ತನೆಯನ್ನೇ ಮಾಡಿಸುವಂತೆ ಹೊಸ ಕಾಯ್ದೆಯಲ್ಲಿ ಕಲಮು ಬೇಕು ಎಂಬ ಒತ್ತಾಯ ಭಾರತ ಸರ್ಕಾರದ ಕಡೆಯಿಂದ ಬಂತು. ಲಂಡನ್ನಿನ ಆಯೋಗದವರು ಒಪ್ಪಲಿಲ್ಲ. ತಮ್ಮ ಕರಡುಗಳನ್ನು ವರ್ಷಗಟ್ಟಲೆ ಕಾಯಿಸಿದ ಸಿಟ್ಟೂ ಸೇರಿ 1870ರಲ್ಲಿ ರಾಜೀನಾಮೆ ಕೊಟ್ಟರು. ಕೊನೆಗೆ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಂಬ, ವೈಸರಾಯರ ಮಂಡಲಿಯ ಕಾನೂನು ಸದಸ್ಯ ಮಸೂದೆಯನ್ನು ತಿದ್ದಿ ಪಾಸು ಮಾಡಿಸಿದ. ನೀಲಿ ಸಾಹೇಬರು ಬಯಸಿದ ಕಲಮು ಅದರಲ್ಲಿ ಬರಲಿಲ್ಲ.

ನೀಲಿ ಬಂತು, ಬೇರೆ ವೇಷದಲ್ಲಿ. ಮೂಲ ಕಾಯ್ದೆಯಲ್ಲಿ ಸೆಕ್ಷನ್ನಿನ ಕೆಳಗೆ ‘ಎ’, ‘ಬಿ’ ಎಂಬ ಹೆಸರಿನವರ ಪುಟ್ಟ ಉದಾಹರಣೆಗಳಿವೆ. ಹತ್ತೊಂಬತ್ತನೇ ಸೆಕ್ಷನ್ ತೆಗೆಯಿರಿ. ತನ್ನ ಕಾರ್ಖಾನೆಯಲ್ಲಿ ವರ್ಷಕ್ಕೆ 500 ಮಣ ನೀಲಿ ತಯಾರಾಗುತ್ತದೆ ಎಂದು ‘ಎ’ ಸುಳ್ಳು ಹೇಳಿ ‘ಬಿ’ಗೆ ಕಾರ್ಖಾನೆ ಮಾರಿದರೆ ಆ ಕರಾರನ್ನು ‘ಬಿ’ ರದ್ದುಪಡಿಸಬಹುದು. ಎರಡನೇ ಉದಾಹರಣೆಯಲ್ಲಿ ‘ಬಿ’ ಕಾರ್ಖಾನೆಯ ಲೆಕ್ಕದ ಪುಸ್ತಕ ನೋಡುತ್ತಾನೆ, ಅದರಲ್ಲಿ 400 ಮಣ ಎಂದಿದೆ, ಆಮೇಲೂ ಕೊಳ್ಳುತ್ತಾನೆ, ಆಗ ರದ್ದಿಲ್ಲ. ಕಾಮರ್ಸ್ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಉದಾಹರಣೆ, ಲೆಕ್ಕ ನೋಡಿದವನು ಆಮೇಲೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ನಾನೂ ಹಾಗೆಯೇ ಪಾಠ ಮಾಡುತ್ತಿದ್ದೆ. ಆದರೆ ಆ 500 ಮಣಕ್ಕೆ ಗಿಡ ಬೆಳೆದವರು ಯಾರು, ಎಷ್ಟು ಮುಂಗಡಕ್ಕೆ ಬೆಳೆದರು? ಹನ್ನೆರಡು ವರ್ಷದ ಹಿಂದೆ ಒಂದು ಪ್ರಾಂತ್ಯವೇ ಹೊತ್ತಿ ಉರಿದ ಸರಕು ಕಾಯ್ದೆಯೊಳಗೆ ಕಾಲಿಡುವ ಹೊತ್ತಿಗೆ ಇಬ್ಬರು ದೊಡ್ಡ ಮನುಷ್ಯರ ನಡುವಿನ ಕ್ರಯದ ತಕರಾರಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಇದು ಬಂಗಾಳದ ಮಾತು. ಕೊಡಗಿನ ಮಾತು ಕಾಯ್ದೆಯ ಮೊದಲನೇ ಸೆಕ್ಷನ್ನಿನಲ್ಲೇ ಅಡಗಿದೆ. ಸ್ಪಷ್ಟವಾಗಿ ರದ್ದುಪಡಿಸದ ಹಳೆಯ ಕಾನೂನುಗಳಿಗೆ, ವ್ಯಾಪಾರದ ರೂಢಿಗಳಿಗೆ ಈ ಕಾಯ್ದೆಯಿಂದ ಬಾಧೆಯಿಲ್ಲ ಎಂದು ಆ ಸೆಕ್ಷನ್ ಹೇಳುತ್ತದೆ. ಇದಕ್ಕೆ ಎಲ್ಲ ಮೇಷ್ಟರೂ ಕೊಡುವ ಉದಾಹರಣೆ ವ್ಯಾಪಾರದ ರೂಢಿಯದು. ಅದೇ ಬಾಗಿಲಿನಿಂದ ನುಸುಳಿ ಉಳಿದುಕೊಂಡ ಇನ್ನೊಂದು ಕಾನೂನಿತ್ತು: 1859ರ 13ನೇ ಕಾಯ್ದೆ, ಕೆಲಸಗಾರರ ಕರಾರುಭಂಗ ಕಾಯ್ದೆ. ಕಲ್ಕತ್ತೆಯ ಯುರೋಪಿಯನ್ ವ್ಯಾಪಾರಿಗಳ ಒತ್ತಾಯಕ್ಕೆ ಬಂದದ್ದು. ಮುಂಗಡ ಪಡೆದ ಕುಶಲಕರ್ಮಿ ಅಥವಾ ಕೂಲಿ ಕೆಲಸಕ್ಕೆ ಬಾರದಿದ್ದರೆ ಮಾಲೀಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಮ್ಯಾಜಿಸ್ಟ್ರೇಟರು ಹಣ ಹಿಂದಿರುಗಿಸು ಇಲ್ಲವೇ ಕೆಲಸ ಮಾಡು ಎಂದು ಆಜ್ಞೆ ಮಾಡುತ್ತಾರೆ. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಅದೇ ಕಾಲದಲ್ಲಿ ವ್ಯಾಪಾರಿಯೊಬ್ಬ ಕರಾರು ಮುರಿದರೆ 73ನೇ ಸೆಕ್ಷನ್ನಿನ ಪ್ರಕಾರ ನಷ್ಟ ತುಂಬಿಕೊಟ್ಟರೆ ಮುಗಿಯಿತು. ಒಬ್ಬನಿಗೆ ಸಿವಿಲ್ ಕೋರ್ಟು, ಇನ್ನೊಬ್ಬನಿಗೆ ಜೈಲು.

1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಮಾಡಿದ. ಮುಂದಿನ ವರ್ಷಗಳಲ್ಲಿ ಬೆಟ್ಟ ಬೆಟ್ಟವೇ ತೋಟವಾಯಿತು, ಆಳು ಸಾಲದಾಯಿತು. ಮೈಸೂರು ಸೀಮೆಯಿಂದ, ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಜನ ತರುವ ಕೆಲಸ ಮೇಸ್ತ್ರಿಗಳದು. ತೋಟದವರು ಮೇಸ್ತ್ರಿಗೆ ಮುಂಗಡ ಕೊಡುವರು, ಮೇಸ್ತ್ರಿ ಊರಲ್ಲಿ ಆಳಿಗೆ ಮುಂಗಡ ಕೊಡುವನು, ಆಳು ಸಂಸಾರದೊಂದಿಗೆ ಲೈನ್ ಮನೆಗೆ ಬಂದು ಸೇರುವನು. ಊರಿಗೆ ಹೋದವನು ತಿರುಗಿ ಬಾರದಿದ್ದರೆ 1859ರ ಕಾಯ್ದೆ ಇತ್ತು.

ನನ್ನ ವಿದ್ಯಾರ್ಥಿನಿಯೊಬ್ಬಳ ತಾತ ತೋಟವೊಂದರಲ್ಲಿ ರೈಟರಾಗಿದ್ದರು. ಅಟ್ಟದ ಮೇಲಿದ್ದ ಅವರ ಮುಂಗಡ ಪುಸ್ತಕವನ್ನು ಅವಳೊಮ್ಮೆ ತರಗತಿಗೆ ತಂದಿದ್ದಳು. ಉದ್ದನೆಯ ರಟ್ಟಿನ ಪುಸ್ತಕ, ಅಂಚನ್ನು ಗೆದ್ದಲು ತಿಂದಿತ್ತು. ಎಡಗಡೆ ಮೇಸ್ತ್ರಿಯ ಹೆಸರು, ಅದರ ಕೆಳಗೆ ಅವನ ಗ್ಯಾಂಗಿನವರ ಹೆಸರು, ಊರು. ನಂತರ ಮುಂಗಡ, ವಜಾ, ಬಾಕಿ ಎಂಬ ಮೂರು ಕಾಲಮ್ಮು. ಕೊನೆಯಲ್ಲಿ ನೇರಳೆ ಶಾಯಿಯ ಹೆಬ್ಬೆಟ್ಟು. ಷರಾ ಕಾಲಮ್ಮಿನಲ್ಲಿ ಕೆಲವರ ಎದುರು ‘ಓಡಿದ’ ಎಂದಿತ್ತು. ಸತ್ತವನ ಬಾಕಿಯನ್ನು ಅವನ ಹೆಂಡತಿಯ ಹೆಸರಿಗೆ ತಿರುವಿದ ನಮೂದೂ ಇತ್ತು, ಅಚ್ಚುಕಟ್ಟಾದ ಅಕ್ಷರದಲ್ಲಿ. ಬಾಕಿಯನ್ನು ಮುಂದಿನ ವರ್ಷಕ್ಕೆ ತಂದ ಕ್ರಮದಲ್ಲಿ ಲೆಕ್ಕಶಾಸ್ತ್ರದ ದೃಷ್ಟಿಯಿಂದ ಒಂದು ತಪ್ಪೂ ಇರಲಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ಇದು ಯಾವ ಕಡೆ ಬರುತ್ತದೆ ಎಂದು ಕೇಳಿದೆ. “ಆಸ್ತಿಯ ಕಡೆ ಸಾರ್, ಲೋನ್ಸ್ ಅಂಡ್ ಅಡ್ವಾನ್ಸಸ್” ಎಂದಳು. ಸರಿಯುತ್ತರ.

1859ರ ಆ ಕಾಯ್ದೆ ಅಷ್ಟು ಸುಲಭಕ್ಕೆ ಹೋಗಲಿಲ್ಲ. 1925ರಲ್ಲಿ ರದ್ದತಿಯ ಶಾಸನವಾಯಿತು, 1926ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅದರ ಜೊತೆಗೇ ದಂಡಸಂಹಿತೆಯ ಇಂಥವೇ ಎರಡು ಸೆಕ್ಷನ್‌ಗಳು, 490 ಮತ್ತು 492, ತೆಗೆದುಹಾಕಲ್ಪಟ್ಟವು. ಅಂದರೆ ‘ಮುಕ್ತ ಸಮ್ಮತಿ’ಯೇ ಕರಾರಿನ ಜೀವ ಎಂದು ಹತ್ತನೇ ಸೆಕ್ಷನ್ನಿನಲ್ಲಿ ಬರೆದ ಮೇಲೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಕೂಲಿಯವನು ಕೆಲಸ ಬಿಟ್ಟರೆ ಅಪರಾಧಿ.

ಮಕ್ಕಳ ಮಾತಿಗೆ ಬಂದರೆ ಇನ್ನೂ ವಿಚಿತ್ರ. ಧರ್ಮೋದಾಸನಂಥ ಆಸ್ತಿವಂತ ಬಾಲಕನಿಗೆ 1903ರಲ್ಲೇ ಪೂರ್ಣ ರಕ್ಷಣೆ ಸಿಕ್ಕಿತು. ಕೂಲಿಯವರ ಮಗುವಿನ ಕಥೆ ಬೇರೆ. ಅಲ್ಲಿ ಸಹಿ ಹಾಕುವವನು ಅಪ್ಪ, ದುಡಿಯುವುದು ಮಗು. ಕರಾರು ಮಾಡಿದವನು ವಯಸ್ಕನಾದ್ದರಿಂದ ಮೊಹೊರಿ ಬೀಬಿ ಕೇಸು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮುಂಗಡಕ್ಕಾಗಿ ಮಕ್ಕಳ ದುಡಿಮೆಯನ್ನು ಒತ್ತೆಯಿಡುವ ಕರಾರು ಅಸಿಂಧು ಎಂದು ಸಾರುವ ಕಾಯ್ದೆ ಬರಲು 1933 ಆಗಬೇಕಾಯಿತು. ಹದಿನೈದು ತುಂಬದವರು ಅದರ ರಕ್ಷಣೆಗೆ ಬರುತ್ತಿದ್ದರು. ಒತ್ತೆಯಿಟ್ಟ ಅಪ್ಪನಿಗೆ 50 ರೂಪಾಯಿವರೆಗೆ ದಂಡ, ಇಟ್ಟುಕೊಂಡವನಿಗೆ 200ರವರೆಗೆ. ನಾನು ನೋಡಿದ ಯಾವ ಬಿ.ಕಾಂ. ಪುಸ್ತಕದಲ್ಲೂ ಇದಕ್ಕೊಂದು ಅಡಿಟಿಪ್ಪಣಿಯೂ ಇರಲಿಲ್ಲ.

ಸ್ವಾತಂತ್ರ್ಯ ಬಂದಮೇಲೂ ಮುಂಗಡದ ಹಂಗು ಹರಿಯಲಿಲ್ಲ. ದಕ್ಷಿಣ ಕೊಡಗಿನ ಪಣಿ ಎರವ ಬುಡಕಟ್ಟಿನವರ ಜೀತವನ್ನು ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯ್ದೆಯಾದ ಜೀತಪದ್ಧತಿ ರದ್ದತಿ ಶಾಸನ ಮುಂಗಡಕ್ಕೆ ಪ್ರತಿಯಾಗಿ ದುಡಿಯುವ ಕರಾರನ್ನು, ಅದು ಬಾಯಿಮಾತಿನದಿರಲಿ ಬರಹದ್ದಿರಲಿ, ಅಸಿಂಧುಗೊಳಿಸಿತು. ಆ ಸಾಲವೂ ತೀರಿದಂತೆಯೇ ಎಂದಿತು. ನಮ್ಮ ರಾಜ್ಯದಲ್ಲಿ ದೇವರಾಜ ಅರಸರ ಸರ್ಕಾರದ ಋಣಪರಿಹಾರ ಕಾಯ್ದೆಯೂ ಅದೇ ವರ್ಷದ್ದು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಸಿವಿನ ಒತ್ತಡಕ್ಕೆ ಕನಿಷ್ಠ ಕೂಲಿಗಿಂತ ಕಡಿಮೆಗೆ ಒಪ್ಪಿ ದುಡಿಯುವುದೂ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಭಗವತಿ ಬರೆದರು. ಮುಕ್ತ ಸಮ್ಮತಿ ಎಂದರೇನು ಎಂಬ ಪ್ರಶ್ನೆಗೆ ನಮ್ಮ ದೇಶ ಕೊಟ್ಟ ತೂಕದ ಉತ್ತರ ಅದು. ಕಾಮರ್ಸ್ ಪಠ್ಯ ಮಾತ್ರ ಇನ್ನೂ ಹೊಗೆ ಚೆಂಡನ್ನೇ ಎಳೆಯುತ್ತಿದೆ.

ಈಗ ಈ ಪೇಪರು ಪಾಠ ಮಾಡುವ ಕಿರಿಯರಲ್ಲಿ ನನ್ನದೊಂದು ಕೋರಿಕೆ. ಮೊಹೊರಿ ಬೀಬಿಯನ್ನು ಬಿಡಬೇಡಿ, ಲಾಲ್‌ಮನ್ ಶುಕ್ಲಾನನ್ನಂತೂ ಬಿಡಲೇಬೇಡಿ. ಹತ್ತನೇ ಸೆಕ್ಷನ್ ಬರೆಸುವ ದಿನ ಬೋರ್ಡಿನ ಮೇಲೆ 1859, 1926, 1933, 1976 ಎಂಬ ಇಸವಿಗಳನ್ನೂ ಬರೆಯಿರಿ, ಅರ್ಧ ಗಂಟೆ ಸಾಕು. ಸಿಲಬಸ್ಸಿನಲ್ಲಿ ಇಲ್ಲವೆಂದು ಯಾರಾದರೂ ತಕರಾರು ತೆಗೆದರೆ ಹದಿನಾರನೇ ಸೆಕ್ಷನ್ನಿನ ಕೆಳಗೆ 1899ರ ತಿದ್ದುಪಡಿಯಲ್ಲಿ ಸೇರಿಸಿದ ಉದಾಹರಣೆ ತೋರಿಸಿ. ಊರ ಸಾಹುಕಾರನಿಗೆ ಮೊದಲೇ ಸಾಲ ಬಿದ್ದಿರುವವನು ಅವನಿಂದಲೇ ಅನ್ಯಾಯದ ಷರತ್ತಿಗೆ ಮತ್ತೆ ಸಾಲ ತಂದರೆ, ಒತ್ತಡ ಹಾಕಿಲ್ಲವೆಂದು ರುಜುವಾತು ಮಾಡಬೇಕಾದವನು ಸಾಹುಕಾರ ಎಂದು ಅಲ್ಲಿ ಬರೆದಿದೆ. ಅದು ಸಿಲಬಸ್ಸಿನ ಒಳಗೇ ಇದೆ.